ಸೀಟಿನ ಕೆಳಗಿನ ಕಟಕಟ: ಸಣ್ಣ ಟ್ರ್ಯಾಕ್ಟರ್‌ನ ಶಬ್ದದ ಮೂಲ ಹುಡುಕುವ ಬಗೆ

ರೊಬಸ್ಟಾ ಕಾಫಿಯ ಕೊಯ್ಲು ಅರ್ಧ ಮುಗಿದಿತ್ತು. ತೋಟದ ಕೆಳಭಾಗದಿಂದ ಹಣ್ಣಿನ ಮೂಟೆ ಹೇರಿಕೊಂಡು ಕಣಕ್ಕೆ ಏರುತ್ತಿದ್ದ ನಾಲ್ಕೂ ಚಕ್ರಕ್ಕೆ ಬಲ ಹೋಗುವ ನಮ್ಮ 24 ಎಚ್‌ಪಿ ಫೋರ್‌ವೀಲ್ ಟ್ರ್ಯಾಕ್ಟರ್ ಸೀಟಿನ ಕೆಳಗಿನಿಂದ ಕಟಕಟ ಅನ್ನತೊಡಗಿತು. ಓಡಿಸುತ್ತಿದ್ದ ಹುಡುಗ ಗಾಡಿ ನಿಲ್ಲಿಸಿ ಬಂದು, "ಅಣ್ಣ, ಗೇರ್‌ಬಾಕ್ಸ್ ಹೋಯ್ತು ಅನ್ಸುತ್ತೆ" ಅಂದ. ಪೇಟೆಯಿಂದ ಬಂದ ಮೆಕ್ಯಾನಿಕ್ ಒಂದು ಸುತ್ತು ಓಡಿಸಿ ನೋಡಿ ಅದನ್ನೇ ಹೇಳಿದರು. ಗಾಡಿಯನ್ನು ನಡುವೆ ಬಿಡಿಸಬೇಕು, ಹತ್ತು ದಿನ ಹಿಡಿಯುತ್ತದೆ. ಕೊಯ್ಲಿನ ನಡುವೆ ಹತ್ತು ದಿನ ಟ್ರ್ಯಾಕ್ಟರ್ ಇಲ್ಲವೆಂದರೆ ಏನಾಗುತ್ತದೆ ಎಂದು ಕೊಡಗಿನಲ್ಲಿ ತೋಟ ಮಾಡುವವರಿಗೆ ಬಿಡಿಸಿ ಹೇಳಬೇಕಿಲ್ಲ; ಕೊಯ್ದ ಹಣ್ಣು ಮೂಟೆಯಲ್ಲೇ ಬಿಸಿಯಾಗಿ ಹುಳಿ ಹಿಡಿಯುತ್ತದೆ. ಒಂದು ದಿನ ಬಿಡಿ, ನಾನೂ ನೋಡುತ್ತೇನೆ ಅಂದೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ದೋಷ ಸಿಕ್ಕಿತು. ಗೇರ್‌ಬಾಕ್ಸ್ ಚೆನ್ನಾಗಿಯೇ ಇತ್ತು. ಸವೆದಿದ್ದದ್ದು ಮುಂದಿನ ಚಕ್ರಗಳಿಗೆ ಹೋಗುವ ಶಾಫ್ಟ್‌ನ ಕಪ್ಲಿಂಗ್, ಅಂದರೆ ಆ ಶಾಫ್ಟನ್ನು ಗೇರ್‌ಬಾಕ್ಸ್ ಬದಿಗೆ ಕೂಡಿಸುವ ತುಂಡು.

ಆ ದಿನ ಮಾಡಿದ ಪರೀಕ್ಷೆಗಳನ್ನು, ಆಮೇಲೆ ಅಕ್ಕಪಕ್ಕದ ತೋಟಗಳ ಗಾಡಿಗಳಲ್ಲಿ ಕಂಡದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ. 18ರಿಂದ 30 ಎಚ್‌ಪಿವರೆಗಿನ, ಕೈಯಿಂದ ಗೇರ್ ಹಾಕುವ, ನಮ್ಮ ತೋಟಗಳಲ್ಲಿ ಹೆಚ್ಚಾಗಿ ಕಾಣುವ ಸಣ್ಣ ಟ್ರ್ಯಾಕ್ಟರ್‌ಗಳಿಗೆ ಇದು ಹೊಂದುತ್ತದೆ.

ಮೊದಲಿಗೆ ಒಂದು ಮಾತು. ಲಾರಿಗಳಂತೆ ಟ್ರ್ಯಾಕ್ಟರ್‌ಗೆ ಬೇರೆ ಚಾಸಿಸ್ ಇಲ್ಲ. ಎಂಜಿನ್, ಕ್ಲಚ್ ಹೌಸಿಂಗ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಎಲ್ಲವನ್ನೂ ಒಂದಕ್ಕೊಂದು ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಆ ಎರಕದ ಕಬ್ಬಿಣವೇ ಗಾಡಿಯ ಬೆನ್ನುಮೂಳೆ. ಮುಂದೆ ಎದ್ದ ಸದ್ದು ಆ ಕಬ್ಬಿಣದ ಮೂಲಕ ಹರಿದು ಸೀಟಿನ ಕೆಳಗೆ ಕೇಳಿಸುತ್ತದೆ. ಹಾಗಾಗಿ ಸದ್ದು ಎಲ್ಲಿಂದ ಬರುತ್ತಿದೆ ಎಂದು ಕಿವಿಯನ್ನು ಕೇಳಿದರೆ ಅದು ತಪ್ಪು ಜಾಗ ತೋರಿಸುವುದೇ ಹೆಚ್ಚು. ಆ ಸದ್ದು ಯಾವುದರ ತಾಳಕ್ಕೆ ಹೆಜ್ಜೆ ಹಾಕುತ್ತಿದೆ ಎಂದು ಮಾತ್ರ ಕಿವಿ ನಂಬಿಕೆಯಿಂದ ಹೇಳಬಲ್ಲದು. ಎಂಜಿನ್ ತಿರುಗುವ ವೇಗವೇ, ಗಾಡಿ ನೆಲದ ಮೇಲೆ ಓಡುವ ವೇಗವೇ, ಹಿಂದೆ ಜೋಡಿಸಿದ ಉಪಕರಣಗಳಿಗೆ ಬಲ ಕೊಡುವ ಪಿಟಿಒ ತಿರುಗುವ ವೇಗವೇ? ಕೆಳಗಿನ ಪರೀಕ್ಷೆಗಳೆಲ್ಲ ಇವನ್ನು ಒಂದರಿಂದ ಒಂದು ಬೇರ್ಪಡಿಸುವ ದಾರಿಗಳು.

ಹೊರಗಿನದ್ದನ್ನು ಮೊದಲು ತಳ್ಳಿಹಾಕಿ

ಟ್ರೇಲರ್ ಬಿಚ್ಚಿ. ರೋಟವೇಟರ್, ಸ್ಪ್ರೇಯರ್, ಗುಂಡಿ ತೋಡುವ ಯಂತ್ರ ಏನಿದ್ದರೂ ಪಿಟಿಒ ಶಾಫ್ಟ್ ಸಮೇತ ಕಳಚಿ ಬದಿಗಿಡಿ. ಹಿಚ್ಚಿನ ಪಿನ್ನು ಸವೆದು ಟ್ರೇಲರ್‌ನ ಬಳೆ ಟಕ್ ಟಕ್ ಅನ್ನುವುದು, ರೋಟವೇಟರ್‌ನ ಬದಿಯ ಪೆಟ್ಟಿಗೆಯಲ್ಲಿ ಎಣ್ಣೆ ಇಲ್ಲದೆ ಕರಕರ ಬರುವುದು, ಇವನ್ನೇ ಗೇರ್‌ಬಾಕ್ಸ್ ದೋಷವೆಂದು ಎಣಿಸಿದವರನ್ನು ಕಂಡಿದ್ದೇನೆ. ಉಪಕರಣ ಮೇಲೆತ್ತಿದಾಗ ಮಾತ್ರ ಗಡಗಡ ಬಂದರೆ ಪಿಟಿಒ ಶಾಫ್ಟ್‌ನ ಕ್ರಾಸ್ ಜಾಯಿಂಟ್ ಅತಿಯಾಗಿ ಬಾಗುತ್ತಿದೆ ಎಂದರ್ಥ. ಎತ್ತುವ ಮಿತಿಯನ್ನು ಕಡಿಮೆ ಮಾಡಿ, ತಿರುವಿನಲ್ಲಿ ಪಿಟಿಒ ನಿಲ್ಲಿಸಿ.

ಆಮೇಲೆ ಗಾಡಿಯ ಕೆಳಗೆ ಬಗ್ಗಿ ನೋಡಿ. ಕಸಿ ಮಾಡುವಾಗ ಕತ್ತರಿಸಿದ ಕಾಫಿ ರೆಂಬೆಯ ತುಂಡು, ಬೇಲಿ ತಂತಿ, ಸ್ಪ್ರಿಂಕ್ಲರ್ ಪೈಪಿನ ಹಳೆಯ ಕ್ಲಾಂಪು ಆಕ್ಸಲ್‌ಗೆ ಸುತ್ತಿಕೊಂಡಿರಬಹುದು. ವೀಲ್ ನಟ್ಟುಗಳಿಗೆ ಒಂದೊಂದಾಗಿ ಸ್ಪ್ಯಾನರ್ ಹಾಕಿ ನೋಡಿ. ಸಡಿಲಾದ ನಟ್ಟಿನ ಸುತ್ತ ತುಕ್ಕಿನ ಗೆರೆ ಕಾಣುತ್ತದೆ.

ಎರಡೂ ಹಿಂದಿನ ಚಕ್ರಗಳನ್ನು ಒಟ್ಟಿಗೆ ಬಿಗಿಯುವ ಡಿಫರೆನ್ಷಿಯಲ್ ಲಾಕ್‌ನ ಪೆಡಲ್ ಪೂರ್ತಿ ಮೇಲೆ ಬಂದಿದೆಯೇ ಎಂದು ಮರೆಯದೆ ನೋಡಿ. ಗದ್ದೆಯ ಕೆಸರು ಪೆಡಲ್‌ನ ಬುಡದಲ್ಲಿ ಗಟ್ಟಿಯಾಗಿ ಕೂತರೆ, ಅಥವಾ ಅದನ್ನು ಹಿಂದಕ್ಕೆಳೆಯುವ ಸ್ಪ್ರಿಂಗ್ ತುಂಡಾದರೆ, ಲಾಕ್ ಬಿಡುವುದಿಲ್ಲ. ಆಗ ತಿರುವಿನಲ್ಲಿ ಎರಡೂ ಹಿಂದಿನ ಚಕ್ರ ಒಂದೇ ವೇಗದಲ್ಲಿ ತಿರುಗಲು ಹೋಗಿ ಟಯರ್ ಕಿರುಚುತ್ತದೆ, ಒಳಗೆ ಢಣ್ ಅನ್ನುತ್ತದೆ. ನೀರು ಹಾಕಿ ತೊಳೆದು ಒಂದು ಸ್ಪ್ರಿಂಗ್ ಹಾಕಿದರೆ ಮುಗಿಯುವ ಕೆಲಸ.

ನಿಂತಲ್ಲೇ ಮಾಡುವ ಪರೀಕ್ಷೆ

ಸಮತಟ್ಟಾದ ಜಾಗ ಬೇಕು. ಕಣ ಇದಕ್ಕೆ ಚೆನ್ನಾಗಿರುತ್ತದೆ. ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡಗಲ್ಲು ಕೊಡಿ. ಸೀಟಿನ ಮೇಲೆ ಒಬ್ಬರು, ಕೇಳಲು ಒಬ್ಬರು. ಕೇಳುವವರು ಪಂಚೆ, ಟವೆಲ್, ಸಡಿಲ ತೋಳಿನ ಅಂಗಿ ಹಾಕಿಕೊಂಡು ತಿರುಗುವ ಶಾಫ್ಟ್‌ನ ಹತ್ತಿರ ಹೋಗಲೇಬಾರದು.

ಗೇರ್ ನ್ಯೂಟ್ರಲ್, ಪಿಟಿಒ ನ್ಯೂಟ್ರಲ್, ಕ್ಲಚ್ ಒತ್ತಿಲ್ಲ. ಎಂಜಿನ್ ಸ್ಟಾರ್ಟ್ ಮಾಡಿ ಕೇಳಿ. ಈಗಲೇ ಗರಗರ ಇದ್ದು, ಕ್ಲಚ್ ಒತ್ತಿದ ಕೂಡಲೇ ನಿಂತರೆ ಗೇರ್‌ಬಾಕ್ಸ್‌ನ ಒಳಬರುವ ಶಾಫ್ಟ್, ಇಲ್ಲವೇ ಅದರ ಜೊತೆ ಯಾವಾಗಲೂ ತಿರುಗುವ ಕೌಂಟರ್ ಶಾಫ್ಟ್‌ನ ಬೇರಿಂಗ್ ಮೇಲೆ ಅನುಮಾನ. ಇದಕ್ಕೆ ತಿರುಗುಮುರುಗಾಗಿ, ಸುಮ್ಮನಿದ್ದ ಗಾಡಿ ಪೆಡಲ್‌ಗೆ ಕಾಲು ತಾಗಿ ಸಡಿಲು ಮುಗಿದ ಕ್ಷಣಕ್ಕೆ ಕಿರ್ರ್ ಅಂದರೆ ಕ್ಲಚ್ಚನ್ನು ಬಿಡಿಸುವ ರಿಲೀಸ್ ಬೇರಿಂಗ್. ಪೆಡಲ್ ಪೂರ್ತಿ ಒತ್ತಿ ಗೇರ್ ಹಾಕಿ ಹಿಡಿದಾಗ ಮಾತ್ರ ಸದ್ದು ಬಂದರೆ ಫ್ಲೈವೀಲ್‌ನ ನಡುವೆ ಇರುವ ಪೈಲಟ್ ಬೇರಿಂಗ್ ಇರಬಹುದು, ಏಕೆಂದರೆ ಆಗ ಫ್ಲೈವೀಲ್ ತಿರುಗುತ್ತಿದ್ದು ಶಾಫ್ಟ್ ನಿಂತಿರುತ್ತದೆ.

ಡಬಲ್ ಕ್ಲಚ್ ಇರುವ ಗಾಡಿಯಲ್ಲಿ ಇನ್ನೂ ಒಂದು ಮೆಟ್ಟಿಲು ಸಿಗುತ್ತದೆ. ಅರ್ಧ ಒತ್ತಿದರೆ ಗೇರ್‌ಬಾಕ್ಸ್‌ಗೆ ಹೋಗುವ ಬಲ ನಿಲ್ಲುತ್ತದೆ, ಪೂರ್ತಿ ಒತ್ತಿದರೆ ಪಿಟಿಒ ಕೂಡ ನಿಲ್ಲುತ್ತದೆ. ಅರ್ಧಕ್ಕೆ ಹೋಗದ ಸದ್ದು ಪೂರ್ತಿ ಒತ್ತಿದಾಗ ಹೋಯಿತೆಂದರೆ ಪಿಟಿಒಗೆ ಬಲ ಒಯ್ಯುವ ಭಾಗಗಳ ಸಾಲನ್ನು ನೋಡಿ.

ರಿಲೀಸ್ ಬೇರಿಂಗ್ ಬೇಗ ಹೋಗುವುದಕ್ಕೆ ನಮ್ಮ ಏರುದಾರಿಗಳಲ್ಲಿ ಕ್ಲಚ್ ಮೇಲೆ ಕಾಲಿಟ್ಟೇ ಓಡಿಸುವ ಅಭ್ಯಾಸ ಬಹುಮಟ್ಟಿಗೆ ಕಾರಣ. ಪೆಡಲ್‌ಗೆ ಸಡಿಲು ಇರಲೇಬೇಕು. ಸಣ್ಣ ಟ್ರ್ಯಾಕ್ಟರ್‌ಗಳಲ್ಲಿ ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಸ್ಕೇಲ್ ಇಟ್ಟು ಅಳೆಯಿರಿ, ನಿಮ್ಮ ಗಾಡಿಯ ಪುಸ್ತಕದಲ್ಲಿರುವ ಅಳತೆಗೆ ಹೊಂದಿಸಿ. ಇನ್ನು ಗೇರ್ ಹಾಕುವಾಗ ಮಾತ್ರ ಕರ್ರ್ ಅಂದು, ಓಡುವಾಗ ಸದ್ದಿಲ್ಲದಿದ್ದರೆ ಗೇರ್ ಹಲ್ಲನ್ನು ದೂರುವ ಮೊದಲು ಕ್ಲಚ್ ಪೂರ್ತಿ ಬಿಡುತ್ತಿದೆಯೇ ನೋಡಬೇಕು. ಹೆಚ್ಚಿನ ಸಲ ಲಿಂಕ್ ಸರಿಮಾಡಿದರೆ ಸಾಕು.

ಹೈಡ್ರಾಲಿಕ್ ಪಂಪಿನ ಕೊಯ್ಯ್ ಎನ್ನುವ ಸದ್ದು ಹಲವರನ್ನು ದಾರಿ ತಪ್ಪಿಸಿದೆ. ಅದು ಗೇರಿನ ಕೂಗಿನಂತೆಯೇ ಕೇಳುತ್ತದೆ. ಪಂಪ್ ನೇರ ಎಂಜಿನ್‌ನಿಂದ ತಿರುಗುವ ಗಾಡಿಯಲ್ಲಿ ಅದಕ್ಕೆ ಕ್ಲಚ್ಚಿನ ಹಂಗಿಲ್ಲ, ಗಾಡಿ ಓಡಬೇಕೆಂದೂ ಇಲ್ಲ. ಎಂಜಿನ್ ಏರಿದಷ್ಟೂ ಏರುತ್ತದೆ, ಲಿಫ್ಟ್ ಎತ್ತಿದರೆ ಸ್ವರ ಬದಲಾಗುತ್ತದೆ. ಸಣ್ಣ ಟ್ರ್ಯಾಕ್ಟರ್‌ಗಳಲ್ಲಿ ಗೇರ್‌ಬಾಕ್ಸ್‌ಗೂ ಹೈಡ್ರಾಲಿಕ್ಸ್‌ಗೂ ಸಾಮಾನ್ಯವಾಗಿ ಒಂದೇ ಎಣ್ಣೆ. ಎಣ್ಣೆ ಸ್ವಲ್ಪ ಕಡಿಮೆ ಇದ್ದರೂ ಕಣದಲ್ಲಿ ತೊಂದರೆ ಕಾಣದು. ಕಡಿದಾದ ಏರಿನಲ್ಲಿ ಎಣ್ಣೆಯೆಲ್ಲ ಹಿಂದಕ್ಕೆ ಹೋಗಿ ಪಂಪಿನ ಬಾಯಿ ಬರಿದಾಗಿ ಗಾಳಿ ಎಳೆಯುತ್ತದೆ, ಕೂಗುತ್ತದೆ. ಏರಿನಲ್ಲಿ ಮಾತ್ರ ಕೇಳುವ ಕೊಯ್ಯ್ ಸದ್ದಿಗೆ ಮೊದಲು ಡಿಪ್‌ಸ್ಟಿಕ್ ನೋಡಿ: ಸಮತಟ್ಟು ನೆಲ, ಎಂಜಿನ್ ಬಂದ್, ಲಿಫ್ಟ್ ಕೆಳಗೆ ಇಳಿಸಿರಬೇಕು. ಮಟ್ಟ ಸರಿಯಿದ್ದರೆ ಪಂಪಿಗೆ ಹೋಗುವ ಫಿಲ್ಟರ್ ಕಟ್ಟಿಕೊಂಡಿದೆಯೇ ನೋಡಿ.

ಓಡಿಸಿ ಕೇಳುವುದು

ಬಯಲುಸೀಮೆಯವರಿಗೆ ಇಲ್ಲದ ಒಂದು ಅನುಕೂಲ ನಮಗಿದೆ. ಒಂದೇ ದಾರಿಯಲ್ಲಿ, ಒಂದೇ ಗೇರ್‌ನಲ್ಲಿ ಏರಿ, ಅದೇ ಗೇರ್‌ನಲ್ಲಿ ಇಳಿಯಬಹುದು. ಏರುವಾಗ ಎಂಜಿನ್ ಚಕ್ರವನ್ನು ತಳ್ಳುತ್ತದೆ, ಗೇರ್ ಹಲ್ಲಿನ ಒಂದು ಮುಖದ ಮೇಲೆ ಭಾರ. ಇಳಿಯುವಾಗ ಚಕ್ರ ಎಂಜಿನ್ನನ್ನು ತಳ್ಳುತ್ತದೆ, ಭಾರ ಹಲ್ಲಿನ ಇನ್ನೊಂದು ಮುಖಕ್ಕೆ ಬೀಳುತ್ತದೆ. ಒಂದರಲ್ಲಿ ಊಳಿಟ್ಟು ಇನ್ನೊಂದರಲ್ಲಿ ಸುಮ್ಮನಾದರೆ ಬಲವನ್ನು ಹಿಂದಿನ ಆಕ್ಸಲ್ ಕಡೆಗೆ ಹೊರಳಿಸುವ ಕ್ರೌನ್–ಪಿನಿಯನ್‌ನ ಹಲ್ಲುಗಳ ಕೂಡಿಕೆ ಇಲ್ಲವೇ ಪಿನಿಯನ್ ಬೇರಿಂಗ್‌ನ ಬಿಗಿ ಹೋಗಿರಬಹುದು. ಎರಡರಲ್ಲೂ ಒಂದೇ ಬಗೆಯ ಗುರ್ರ್ ಇದ್ದರೆ ಆಕ್ಸಲ್ ಬೇರಿಂಗ್ ಕಡೆಗೆ ಹೊರಳಿ. ಈ ಪರೀಕ್ಷೆಗಾಗಿ ಇಳುಕಲಿನಲ್ಲಿ ಗಾಡಿಯನ್ನು ನ್ಯೂಟ್ರಲ್ ಮಾಡಿ ಬಿಡುವುದು, ಕ್ಲಚ್ ಒತ್ತಿ ಜಾರಿಸುವುದು ಬೇಡವೇ ಬೇಡ. ಎಂಜಿನ್‌ನ ಹಿಡಿತ ತಪ್ಪಿದ ಟ್ರ್ಯಾಕ್ಟರ್ ಬ್ರೇಕ್ ಒಂದಕ್ಕೇ ನಿಲ್ಲುತ್ತದೆಂದು ನಂಬುವಂತಿಲ್ಲ, ಅದೂ ಜಾರುವ ತೋಟದ ದಾರಿಯಲ್ಲಿ.

ಪ್ರತಿ ಗೇರ್‌ನಲ್ಲೂ ಐವತ್ತು ಮೀಟರ್ ಓಡಿಸಿ. ಸದ್ದು ಎರಡನೇ ಗೇರ್‌ನಲ್ಲಿ ಮಾತ್ರ ಇದ್ದರೆ ಆ ಜೋಡಿ ಗೇರ್‌ನ ಹಲ್ಲು. ಹೈ–ಲೋ ಲಿವರನ್ನು ಹೈಗೆ ಹಾಕಿದಾಗ ಇಲ್ಲದ್ದು ಲೋಗೆ ಹಾಕಿದಾಗ ಎಲ್ಲ ಗೇರ್‌ನಲ್ಲೂ ಇದ್ದರೆ ಲೋ ಬದಿಯ ಗೇರ್. ಯಾವ ಗೇರ್‌ಗೂ ಬದಲಾಗದೆ, ನೆಲದ ವೇಗವನ್ನು ಮಾತ್ರ ಹಿಂಬಾಲಿಸಿದರೆ ಗೇರ್‌ಬಾಕ್ಸ್‌ನಿಂದ ಆಚೆಗಿನದ್ದು: ಡಿಫರೆನ್ಷಿಯಲ್, ಹಿಂದಿನ ಆಕ್ಸಲ್, ಅಥವಾ ಫೋರ್‌ವೀಲ್ ಸಾಲು. ನಮ್ಮ ಗಾಡಿಯ ಕಟಕಟ ಹೀಗೆಯೇ ಇತ್ತು. ಗೇರ್‌ಬಾಕ್ಸ್ ಬಿಡಿಸಬೇಕಿಲ್ಲವೆಂಬ ಧೈರ್ಯ ಬಂದದ್ದು ಇಲ್ಲಿ.

ಕಣದಲ್ಲಿ ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿಸಿ ಎಂಟರ ಆಕಾರದಲ್ಲಿ ನಿಧಾನ ಓಡಿಸಿ. ನೇರ ಹೋಗುವಾಗ ಇಲ್ಲದ ಟಕ್ ಟಕ್ ಎರಡೂ ಕಡೆಯ ತಿರುವಿನಲ್ಲಿ ಬಂದರೆ ಡಿಫರೆನ್ಷಿಯಲ್ ಒಳಗಿನ ಸಣ್ಣ ಗೇರ್‌ಗಳು; ಒಂದು ಕಡೆಗೆ ತಿರುಗಿದಾಗ ಮಾತ್ರ ಬಂದರೆ ಒಂದು ಬದಿಯ ಮುಂದಿನ ಚಕ್ರದ ಹಬ್‌ನ ಗೇರ್.

ಬ್ರೇಕ್ ಒತ್ತಿದಾಗ ಮಾತ್ರ ಗರ್ರ್ ಎಂದು ನಡುಗುವ ಸದ್ದು ಬೇರೆಯೇ ಕಥೆ. ಎಣ್ಣೆಯಲ್ಲಿ ಮುಳುಗಿದ ಬ್ರೇಕ್ ಇರುವ ಗಾಡಿಗೆ ಅದಕ್ಕೆಂದೇ ತಯಾರಿಸಿದ ಟ್ರ್ಯಾಕ್ಟರ್ ಟ್ರಾನ್ಸ್‌ಮಿಷನ್ ಎಣ್ಣೆ ಬೇಕು. ಅಂಗಡಿಯಲ್ಲಿ ಸಿಕ್ಕಿದ ಸಾದಾ ಗೇರ್ ಎಣ್ಣೆ ಸುರಿದರೆ ಬ್ರೇಕ್ ಪ್ಲೇಟುಗಳು ಹಿಡಿದು ಬಿಟ್ಟು ಹಿಡಿದು ಬಿಟ್ಟು ಅರಚುತ್ತವೆ. ಪಕ್ಕದ ತೋಟದ ಗಾಡಿ ಆಕ್ಸಲ್ ಬಿಚ್ಚುವ ಹಂತಕ್ಕೆ ಹೋಗಿತ್ತು. ಎಣ್ಣೆ ಬದಲಿಸಿದ್ದು ಯಾವಾಗ ಎಂದು ಕೇಳಿದ ಮೇಲೆ ವಿಷಯ ತಿಳಿಯಿತು.

ಸುಣ್ಣದ ಗುರುತು, ಮೊಬೈಲ್ ರೆಕಾರ್ಡಿಂಗ್

ನೆಲದ ವೇಗದ ಸದ್ದು ಎಂದು ಗೊತ್ತಾದ ಮೇಲೆ ಎಣಿಕೆಯಷ್ಟು ಉಪಕಾರಿಯಾದದ್ದು ಬೇರೊಂದಿಲ್ಲ. ಟಯರಿನ ಬದಿಗೆ ಸುಣ್ಣದಲ್ಲಿ ಒಂದು ಗುರುತು ಹಾಕಿ. ಈ ಅಳತೆಯ ಗಾಡಿಗಳ ಹಿಂದಿನ ಚಕ್ರ ಒಂದು ಸುತ್ತಿಗೆ ಸುಮಾರು 3 ಮೀಟರ್ ಹೋಗುತ್ತದೆ. ಗಂಟೆಗೆ 3 ಕಿ.ಮೀ. ವೇಗದಲ್ಲಿ ಒಂದು ಸುತ್ತಿಗೆ ಮೂರೂವರೆ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಒಬ್ಬರು ಚಕ್ರಕ್ಕೆ ಸಿಗದಷ್ಟು ದೂರದಲ್ಲಿ ಜೊತೆಗೆ ನಡೆಯುತ್ತಾ, ಗುರುತು ಕೆಳಗೆ ಬಂದಾಗಲೆಲ್ಲ ಕೈ ಎತ್ತಲಿ. ಓಡಿಸುವವರು ಆ ನಡುವಿನ ಸದ್ದು ಎಣಿಸಲಿ.

ಸುತ್ತಿಗೆ ಒಂದೇ ಒಂದು ಸದ್ದಾದರೆ ಚಕ್ರದ ಜೊತೆ ತಿರುಗುವ ಭಾಗ: ಆಕ್ಸಲ್, ಅದರ ದೊಡ್ಡ ಗೇರ್, ಹಬ್, ಇಲ್ಲವೇ ಟಯರಿಗೇ ಸಿಕ್ಕಿಕೊಂಡ ಕಲ್ಲು. ಸುತ್ತಿಗೆ ನಾಲ್ಕೈದು ಸದ್ದಾದರೆ ದೊಡ್ಡ ಗೇರನ್ನು ತಿರುಗಿಸುವ ಸಣ್ಣ ಗೇರ್‌ನ ಶಾಫ್ಟ್. ಅದಕ್ಕೂ ಎಷ್ಟೋ ಹೆಚ್ಚಾದರೆ ಪಿನಿಯನ್ ಶಾಫ್ಟ್. ನಿಮ್ಮ ಗಾಡಿಯ ಗೇರ್‌ಗಳ ಹಲ್ಲಿನ ಸಂಖ್ಯೆ ಪಾರ್ಟ್ಸ್ ಪುಸ್ತಕದಲ್ಲಿ ಸಿಗುತ್ತದೆ. ದೊಡ್ಡದರ ಹಲ್ಲನ್ನು ಚಿಕ್ಕದರ ಹಲ್ಲಿನಿಂದ ಭಾಗಿಸಿದರೆ ಆಯಿತು.

ನಮ್ಮದರಲ್ಲಿ ಹಿಂದಿನ ಚಕ್ರಕ್ಕೆ ಲೆಕ್ಕ ಕೂಡಲಿಲ್ಲ. ಒಮ್ಮೆ ಒಂದು, ಇನ್ನೊಮ್ಮೆ ಇನ್ನೊಂದು. ಗುರುತನ್ನು ಮುಂದಿನ ಚಕ್ರಕ್ಕೆ ಹಾಕಿ, ಲೋ ಒಂದನೇ ಗೇರ್‌ನಲ್ಲಿ ಆಮೆಯಂತೆ ಓಡಿಸಿದಾಗ ಪ್ರತಿ ಸಲವೂ ಸುತ್ತಿಗೆ ಹನ್ನೆರಡು ಬಂತು. ಪುಸ್ತಕದ ಹಲ್ಲಿನ ಲೆಕ್ಕ ಗುಣಿಸಿದರೆ ಮುಂದಿನ ಆಕ್ಸಲ್‌ಗೆ ಹೋಗುವ ಶಾಫ್ಟ್ ಚಕ್ರದ ಒಂದು ಸುತ್ತಿಗೆ ತಿರುಗುವುದೂ ಸುಮಾರು ಅಷ್ಟೇ.

ಇದರ ಜೊತೆ ಮೊಬೈಲ್ ಫೋನ್ ಬಳಸಿ. ರೆಕಾರ್ಡಿಂಗ್ ಹಾಕಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ತಿರುಗುವ ಯಾವುದಕ್ಕೂ ತಾಗದಂತೆ ಗಟ್ಟಿಯಾಗಿ ಕಟ್ಟಿ. ಒಮ್ಮೆ ಹಿಂದಿನ ಆಕ್ಸಲ್ ಬಳಿ, ಒಮ್ಮೆ ಗೇರ್‌ಬಾಕ್ಸ್ ಪಕ್ಕ, ಒಮ್ಮೆ ಮುಂದಿನ ಆಕ್ಸಲ್ ಬಳಿ, ಅದೇ ದಾರಿ, ಅದೇ ಗೇರ್, ಅದೇ ಆಕ್ಸಿಲರೇಟರ್. ಮೂರನ್ನೂ ಒಂದರ ಹಿಂದೊಂದು ಕೇಳಿದರೆ ವ್ಯತ್ಯಾಸ ಸ್ಪಷ್ಟ. ನಿಂತ ಗಾಡಿಯಲ್ಲಿ ಮಾತ್ರ ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗ್ ಇರುವ ಕಡೆ ಒತ್ತಿ, ಹಿಡಿಗೆ ಕಿವಿ ಕೊಡುವ ಹಳೆಯ ವಿಧಾನ ಒಳ್ಳೆಯದು.

ಫೋರ್‌ವೀಲ್ ಬದಿ

ಮೆಕ್ಯಾನಿಕ್ ಕೂಡ ಫೋರ್‌ವೀಲ್ ಲಿವರ್ ತೆಗೆದು ಓಡಿಸಿ ನೋಡಿದ್ದರು. ಸದ್ದು ಕಡಿಮೆಯಾಯಿತು, ಹೋಗಲಿಲ್ಲ. ಹಾಗಾಗಿ ಮುಂದಿನ ಸಾಲನ್ನು ಬಿಟ್ಟುಬಿಟ್ಟರು. ಎಡವಿದ್ದು ಇಲ್ಲೇ. ನಾನೂ ಅರ್ಧ ದಿನ ಅದನ್ನೇ ನಂಬಿದ್ದೆ. ಲಿವರ್ ತೆಗೆದರೆ ಎಂಜಿನ್‌ನಿಂದ ಮುಂದಿನ ಶಾಫ್ಟ್‌ಗೆ ಬರುವ ಬಲ ನಿಲ್ಲುತ್ತದೆ, ತಿರುಗುವಿಕೆ ನಿಲ್ಲುವುದಿಲ್ಲ. ನೆಲದ ಮೇಲೆ ಉರುಳುವ ಮುಂದಿನ ಚಕ್ರಗಳು ಆ ಶಾಫ್ಟನ್ನು ಮುಂದಿನ ತುದಿಯಿಂದ ತಿರುಗಿಸುತ್ತಲೇ ಇರುತ್ತವೆ. ಭಾರವಿಲ್ಲದ್ದರಿಂದ ಸದ್ದು ಸಣ್ಣದಾಗುತ್ತದೆ, ಅಷ್ಟೇ. ಮುಂದಿನ ಸಾಲನ್ನು ನಿಜವಾಗಿ ಹೊರಗಿಡಬೇಕೆಂದರೆ ಶಾಫ್ಟನ್ನೇ ಕಳಚಿ ಓಡಿಸಿ ನೋಡಬೇಕು. ಅದೂ ಸಮತಟ್ಟಿನಲ್ಲಿ, ಭಾರವಿಲ್ಲದೆ.

ಕಳಚುವ ಮುನ್ನ ಎಂಜಿನ್ ಬಂದ್ ಮಾಡಿ, ಚಕ್ರಗಳಿಗೆ ಕಲ್ಲು ಕೊಟ್ಟು, ಶಾಫ್ಟನ್ನು ಕೈಯಲ್ಲಿ ಹಿಡಿದು ಆಚೆ ಈಚೆ ತಿರುಗಿಸಿ ನೋಡಿದೆ. ಮುಂದಿನ ತುದಿಯಲ್ಲಿ ಆಟ ಇರಲಿಲ್ಲ. ಹಿಂದಿನ ತುದಿಯ ಕಪ್ಲಿಂಗ್‌ನಲ್ಲಿ ಕಣ್ಣಿಗೆ ಕಾಣುವಷ್ಟು ಆಟ. ಕವರ್ ಸರಿಸಿದಾಗ ಕಾವಿ ಬಣ್ಣದ ಪುಡಿ ಉದುರಿತು. ಗ್ರೀಸ್ ಇಲ್ಲದೆ ಎರಡು ಉಕ್ಕಿನ ಮೈ ಸಣ್ಣಗೆ ಉಜ್ಜಿಕೊಂಡಾಗ ಬರುವ ತುಕ್ಕಿನ ಪುಡಿ ಅದು. ಶಾಫ್ಟ್, ಕಪ್ಲಿಂಗ್ ಒಂದಕ್ಕೊಂದು ಕಚ್ಚಿಕೊಳ್ಳುವ ಸ್ಪ್ಲೈನ್‌ನ ಹಲ್ಲುಗಳು ಚಾಕುವಿನಂತೆ ಚೂಪಾಗಿದ್ದವು. ಕವರಿನ ರಬ್ಬರ್ ಸೀಲು ಹರಿದು, ಜುಲೈಯಲ್ಲಿ ಗದ್ದೆ ಉಳುವಾಗ ಕೆಸರುನೀರು ಒಳಹೋಗಿ ಗ್ರೀಸನ್ನು ತೊಳೆದಿತ್ತು. ಆರು ತಿಂಗಳು ಒಣಗಿಯೇ ಓಡಿದೆ.

ಸೀಲು ಚೆನ್ನಾಗಿರುವ ಗಾಡಿಯಲ್ಲೂ ಈ ಸಾಲು ಸವೆಯುವುದಕ್ಕೆ ಇನ್ನೊಂದು ಕಾರಣವಿದೆ. ಫೋರ್‌ವೀಲ್ ಹಾಕಿದಾಗ ಮುಂದಿನ ಚಕ್ರ ಹಿಂದಿನದಕ್ಕಿಂತ ಚೂರು ಮುಂದೆ ಹೋಗುವಂತೆ ಗೇರ್ ಹೊಂದಿಸಿರುತ್ತಾರೆ. ಮಣ್ಣಿನಲ್ಲಿ ಟಯರ್ ಸ್ವಲ್ಪ ಜಾರಿ ಆ ವ್ಯತ್ಯಾಸವನ್ನು ನುಂಗುತ್ತದೆ. ಟಾರ್ ರಸ್ತೆಯಲ್ಲಿ ಜಾರಲು ಎಡೆಯಿಲ್ಲದೆ ಇಡೀ ಸಾಲು ಹಗ್ಗದಂತೆ ಹುರಿಗೊಳ್ಳುತ್ತದೆ. ಲಿವರ್ ಬಿಗಿಯಾಗಿ ಸಿಕ್ಕಿಕೊಂಡು, ಬಿಡಿಸಿದಾಗ ಢಣ್ ಅನ್ನುವುದು ಇದರಿಂದ. ಮುಂದಿನ ಟಯರ್‌ಗಳನ್ನು ಬೇರೆ ಅಳತೆಯದಕ್ಕೆ ಬದಲಿಸಿದರೆ, ಒಂದು ಹೊಸದು ಒಂದು ಸವೆದದ್ದು ಇದ್ದರೆ ಇನ್ನೂ ಕಷ್ಟ. ಸಮತಟ್ಟಿನ ಟಾರ್ ರಸ್ತೆಯಲ್ಲಿ ಫೋರ್‌ವೀಲ್ ತೆಗೆಯಿರಿ. ಆದರೆ ತೋಟದ ಕಡಿದಾದ ಮಣ್ಣಿನ ಇಳುಕಲಿನಲ್ಲಿ ಅದನ್ನು ತೆಗೆಯಬೇಡಿ. ಬ್ರೇಕ್ ಇರುವುದು ಹಿಂದಿನ ಆಕ್ಸಲ್‌ನಲ್ಲಿ, ಫೋರ್‌ವೀಲ್ ಹಾಕಿದ್ದರೆ ಮುಂದಿನ ಚಕ್ರವೂ ತಡೆಯುತ್ತದೆ. ಶಾಫ್ಟ್ ಸವೆಯುತ್ತದೆಂದು ಅಲ್ಲಿ ತೆಗೆದರೆ ಜೀವಕ್ಕೆ ಅಪಾಯ.

ಜಾಕ್ ಹಾಕುವವರಿಗೂ ಒಂದು ಎಚ್ಚರಿಕೆ. ಹಿಂದಿನ ಚಕ್ರ ಎತ್ತಿ, ಫೋರ್‌ವೀಲ್ ಹಾಕಿದ್ದು ಮರೆತು ಗೇರ್‌ನಲ್ಲಿ ಸ್ಟಾರ್ಟ್ ಮಾಡಿದರೆ ಮುಂದಿನ ಚಕ್ರ ಗಾಡಿಯನ್ನು ಜಾಕ್‌ನಿಂದ ಎಳೆದು ಬೀಳಿಸುತ್ತದೆ. ನಾನು ಎತ್ತಿದ ಗಾಡಿಯ ಎಂಜಿನ್ ಸ್ಟಾರ್ಟ್ ಮಾಡುವುದೇ ಇಲ್ಲ. ದಪ್ಪ ಮರದ ದಿಮ್ಮಿ ಕೊಟ್ಟು, ನ್ಯೂಟ್ರಲ್‌ನಲ್ಲಿಟ್ಟು, ಒಂದೊಂದೇ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತೇನೆ. ಹಾಳಾದ ಬೇರಿಂಗ್ ಅಂಗೈಗೇ ಗೊತ್ತಾಗುತ್ತದೆ, ಮರಳು ಅರೆದಂತೆ. ಚಕ್ರದ ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸಿದಾಗ ಟಕ್ ಅಂದರೂ ಅದೇ ಅರ್ಥ.

ಎಣ್ಣೆ

ಬಿಡಿಸುವ ಮಾತು ಎತ್ತುವ ಮೊದಲು ಡ್ರೈನ್ ಬೋಲ್ಟ್ ಬಿಚ್ಚಿ. ಹಲವು ಗಾಡಿಗಳಲ್ಲಿ ಅದರ ತುದಿಗೆ ಅಯಸ್ಕಾಂತ ಇರುತ್ತದೆ. ಅದರ ಮೇಲೆ ಕಾಡಿಗೆಯಂಥ ನುಣುಪಾದ ಬೂದು ಲೇಪ ಇದ್ದರೆ ಸಹಜ ಸವೆತ, ಹೆದರಬೇಡಿ. ಉಗುರಿಗೆ ಸಿಗುವ ಚೂರು ಇದ್ದರೆ ಗೇರ್ ಹಲ್ಲು ಮುರಿದಿರಬಹುದು. ಮೀನಿನ ಸಿಪ್ಪೆಯಂತೆ ತೆಳ್ಳಗಿನ ಹೊಳೆಯುವ ಹಾಳೆಗಳು ಬೇರಿಂಗ್‌ನ ಮೈ ಎದ್ದುಬರುತ್ತಿರುವುದಕ್ಕೆ ಗುರುತು. ಅಯಸ್ಕಾಂತಕ್ಕೆ ಅಂಟದ ಹಳದಿ ಮಿನುಗು ಎಣ್ಣೆಯಲ್ಲಿ ಕಂಡರೆ ಕಂಚಿನ ಬುಷ್ ಅಥವಾ ವಾಷರ್ ಸವೆದಿದೆ. ಹಳೆಯ ಬಿಳಿ ಪಂಚೆಯ ತುಂಡಿನಲ್ಲಿ ಸೋಸಿ ಬಿಸಿಲಿಗೆ ಹಿಡಿಯಿರಿ, ಚೆನ್ನಾಗಿ ಕಾಣುತ್ತದೆ.

ನಮ್ಮ ಮಳೆಗೆ ಎಣ್ಣೆಯಲ್ಲಿ ನೀರು ಸೇರುವುದು ದೊಡ್ಡ ತೊಂದರೆ. ಗೇರ್ ಲಿವರಿನ ಬುಡದ ಹರಿದ ರಬ್ಬರ್, ಗಾಳಿಯಾಡುವ ಬ್ರೀದರ್, ಮುಂದಿನ ಹಬ್‌ನ ಸೀಲು, ನೀರು ಹೋಗುವ ದಾರಿಗಳು ಇವು. ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಬೇರೆ ಪರೀಕ್ಷೆ ಬೇಡ. ಅನುಮಾನವಿದ್ದರೆ ಹಳೆಯ ಸೌಟನ್ನು ಕಾಯಿಸಿ ಬೆಂಕಿಯಿಂದ ತೆಗೆದು, ಮುಖ ದೂರ ಇಟ್ಟುಕೊಂಡು ಎರಡು ಹನಿ ಎಣ್ಣೆ ಬಿಡಿ. ಸಾಸಿವೆಯಂತೆ ಚಟಪಟ ಅಂದರೆ ನೀರಿದೆ. ರಾತ್ರಿಯಿಡೀ ಗಾಡಿ ನಿಲ್ಲಿಸಿ ಬೆಳಿಗ್ಗೆ ಬೋಲ್ಟ್ ಸಡಿಲಿಸಿದರೆ ತಳಕ್ಕಿಳಿದ ನೀರೇ ಮೊದಲು ಬರುವುದೂ ಉಂಟು. ಮುಂದಿನ ಆಕ್ಸಲ್‌ನ ಎಣ್ಣೆ ಬೇರೆ, ಅದನ್ನು ನೋಡುವವರು ಕಡಿಮೆ. ಗದ್ದೆಗಿಳಿದ ಗಾಡಿಯಲ್ಲಿ ಮೊದಲು ಕೆಡುವುದು ಮಾತ್ರ ಅದೇ.

ಮುಂಗಾರಿಗೆ ಮುನ್ನ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವಾಗ ಟ್ಯಾಂಕ್ ಸೋರಿ ಪಿಟಿಒ ಸೀಲಿನ ಮೇಲೆ ದ್ರಾವಣ ಬೀಳುತ್ತಿದ್ದರೆ ಅವತ್ತೇ ತೊಳೆಯಿರಿ. ಚಾಕು ಅದ್ದಿದಾಗ ಕೆಂಪಾದರೆ ಸುಣ್ಣ ಸಾಲದು ಎಂದು ನಾವು ನೋಡುತ್ತೇವಲ್ಲ, ಆ ತಾಮ್ರ ಶಾಫ್ಟ್‌ನ ಉಕ್ಕನ್ನೂ ಹಾಗೆಯೇ ತಿನ್ನುತ್ತದೆ. ಗುಳಿ ಬಿದ್ದ ಶಾಫ್ಟ್ ಹೊಸ ಸೀಲನ್ನು ಎಷ್ಟು ಸಲ ಹಾಕಿದರೂ ಕತ್ತರಿಸುತ್ತದೆ.

ತಕ್ಷಣ ನಿಲ್ಲಿಸಬೇಕಾದದ್ದು

ಬೋಲ್ಟ್‌ನಲ್ಲಿ ಹಲ್ಲಿನ ಚೂರು ಸಿಕ್ಕರೆ, ಚಕ್ರ ಕಣ್ಣಿಗೆ ಕಾಣುವಂತೆ ಅಲ್ಲಾಡಿದರೆ, ಗೇರ್ ತಾನಾಗಿ ಜಾರಿ ನ್ಯೂಟ್ರಲ್‌ಗೆ ಬಂದರೆ ಇನ್ನೊಂದು ಲೋಡ್ ಕೂಡ ಬೇಡ. ಗೇರ್ ಜಾರುವುದು ಇಳುಕಲಿನಲ್ಲಿ ಆದರೆ ಏನೆಂದು ಊಹಿಸಿಕೊಳ್ಳಿ. ಇಪ್ಪತ್ತು ನಿಮಿಷ ಓಡಿಸಿದ ಮೇಲೆ ಎರಡೂ ಬದಿಯ ಹಬ್ ಮೇಲೆ ಸ್ವಲ್ಪ ದೂರದಲ್ಲಿ ಅಂಗೈ ಹಿಡಿಯಿರಿ. ಒಂದು ಇನ್ನೊಂದಕ್ಕಿಂತ ಬಹಳ ಬಿಸಿ ಇದ್ದರೆ ಅಲ್ಲಿ ಬೇರಿಂಗ್ ಅಥವಾ ಹಿಡಿದುಕೊಂಡ ಬ್ರೇಕ್. ನಿಧಾನವಾಗಿ ಬೆಳೆಯುವ ಗುರ್ರ್ ಸದ್ದಿಗೆ ಕೆಲವು ದಿನದ ಅವಕಾಶ ಇರುತ್ತದೆ, ದಿಢೀರನೆ ಬಂದ ಬಡಿತಕ್ಕೆ ಇರುವುದಿಲ್ಲ.

ಮೆಕ್ಯಾನಿಕ್ ಬಂದಾಗ "ಏನೋ ಸದ್ದು" ಅನ್ನಬೇಡಿ. ನಾನು ಅವರಿಗೆ ಫೋನಿನಲ್ಲಿ ಹೇಳಿದ್ದು ಇಷ್ಟು: ನಿಂತಾಗ ಇಲ್ಲ, ಎಲ್ಲ ಗೇರ್‌ನಲ್ಲೂ ಇದೆ, ನೆಲದ ವೇಗಕ್ಕೆ ಏರುತ್ತದೆ, ಮುಂದಿನ ಚಕ್ರದ ಸುತ್ತಿಗೆ ಹನ್ನೆರಡು, ಶಾಫ್ಟ್ ಕಳಚಿದರೆ ಪೂರ್ತಿ ಹೋಗುತ್ತದೆ. "ಹಾಗಾದ್ರೆ ಬಿಡಿಸೋದು ಬೇಡ ಅಣ್ಣ, ಕಪ್ಲಿಂಗ್ ತರ್ತೀನಿ" ಅಂದರು. ಹೊಸ ಕಪ್ಲಿಂಗನ್ನು ಹಳೆಯ ಶಾಫ್ಟ್‌ಗೆ ಸೇರಿಸಿ ಆಟ ಉಳಿದಿದೆಯೇ ಎಂದು ಇಬ್ಬರೂ ನೋಡಿದೆವು. ಸ್ವಲ್ಪ ಉಳಿದಿತ್ತು, ಆದ್ದರಿಂದ ಶಾಫ್ಟನ್ನೂ ಬದಲಿಸಿದೆವು. ಹಳೆಯ ಶಾಫ್ಟ್ ಉಳಿಸಿಕೊಂಡರೆ ಹೊಸ ಕಪ್ಲಿಂಗ್ ಅದೇ ಕೊಯ್ಲಿನಲ್ಲಿ ಸವೆಯುತ್ತದೆ. ಸ್ಪ್ಲೈನ್ ತುಂಬ ಗ್ರೀಸ್, ಹೊಸ ಲಾಕ್, ಕವರಿಗೆ ಹೊಸ ಸೀಲು. ಹತ್ತು ಗಂಟೆ ಓಡಿಸಿದ ಮೇಲೆ ಕವರ್ ಸರಿಸಿ ನೋಡಿದಾಗ ಗ್ರೀಸ್ ಕಪ್ಪಾಗಿತ್ತು, ಕಾವಿ ಪುಡಿ ಇರಲಿಲ್ಲ. ಈಗ ವರ್ಷಕ್ಕೆ ಎರಡು ಸಲ ಅದನ್ನು ಬಿಚ್ಚುತ್ತೇನೆ. ಗದ್ದೆ ಕೆಲಸ ಮುಗಿದು, ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತಕ್ಕೆ ಗಾಡಿ ತೊಳೆಯುವಾಗ ಒಮ್ಮೆ, ಕೊಯ್ಲು ಶುರುವಾಗುವ ಮೊದಲು ಇನ್ನೊಮ್ಮೆ.